ಅವಶೇಷದ ಅಡಿ ಸಿಕ್ಕಿಕೊಂಡವರು ಡ್ರೋನ್ ಕ್ಯಾಮೆರಾಕ್ಕೆ ಕಾಣುತ್ತಾರಾ?

ಪ್ರಶ್ನೆ: ಭೂಕಂಪ, ಭೂಕುಸಿತ ಆದಾಗ ಥರ್ಮಲ್ ಕ್ಯಾಮೆರಾ ಇರುವ ಡ್ರೋನ್ ಹಾರಿಸಿದರೆ ಕೆಳಗೆ ಸಿಕ್ಕಿಕೊಂಡವರು ಕಾಣುತ್ತಾರಲ್ವಾ? ಮತ್ತೆ ಹುಡುಕೋಕೆ ಅಷ್ಟು ದಿನ ಯಾಕೆ?

ಕಾಣುವುದಿಲ್ಲ. ಪ್ರತಿ ದುರಂತದ ನಂತರವೂ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ. ಈ ಸಲ ಬಿಡಿಸಿಯೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಥರ್ಮಲ್ ಕ್ಯಾಮೆರಾ ಎಕ್ಸ್-ರೇ ಅಲ್ಲ. ವಸ್ತುವಿನ ಹೊರಮೈಯಿಂದ ಬರುವ ಅವಗೆಂಪು ಕಿರಣವನ್ನಷ್ಟೇ ಅದು ಹಿಡಿಯುತ್ತದೆ. ಆ ಕಿರಣ ಕಾಂಕ್ರೀಟ್, ಮಣ್ಣು ದಾಟಿ ಬರುವುದಿಲ್ಲ. ಅಷ್ಟೇ ಯಾಕೆ, ಕಿಟಕಿ ಗಾಜನ್ನೂ ದಾಟುವುದಿಲ್ಲ. ಗಾಜಿನ ಹಿಂದೆ ಒಬ್ಬರನ್ನು ನಿಲ್ಲಿಸಿ ಈ ಕ್ಯಾಮೆರಾದಲ್ಲಿ ನೋಡಿದರೆ ಗಾಜಿನ ಬಿಸಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ತೆಳು ಗಾಜಿಗೇ ಹೀಗಾದರೆ ಕುಸಿದ ಮೂರು ಮಹಡಿಯ ಕೆಳಗಿರುವವರು ಹೇಗೆ ಕಾಣಬೇಕು?

"ಮೈಬಿಸಿ ನಿಧಾನಕ್ಕೆ ಮೇಲಿನ ಕಾಂಕ್ರೀಟಿಗೂ ಹರಡಲ್ವಾ?" ಅಂತ ಮರುಪ್ರಶ್ನೆ ಬರುತ್ತದೆ. ಒಳ್ಳೆಯ ಪ್ರಶ್ನೆಯೇ. ಸುಮ್ಮನೆ ಮಲಗಿದ ಮನುಷ್ಯನ ಮೈಯಿಂದ ಹೊರಬೀಳುವ ಶಾಖ ಸುಮಾರು 100 ವ್ಯಾಟ್. ಅದು ಟನ್‌ಗಟ್ಟಲೆ ಕಲ್ಲುಮಣ್ಣಿನಲ್ಲಿ ಚದುರಿಹೋಗುತ್ತದೆ. ಮೇಲಿನಿಂದ ಮಧ್ಯಾಹ್ನದ ಬಿಸಿಲು ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ 1,000 ವ್ಯಾಟ್ ಸುರಿಯುತ್ತಿರುತ್ತದೆ. ಇದರಲ್ಲಿ ಅದನ್ನು ಬೇರೆ ಮಾಡಿ ಗುರುತಿಸುವುದು ಆಗದ ಮಾತು.

ಬಯಲಲ್ಲಿ ಬಿದ್ದವರೂ ಸಲೀಸಾಗಿ ಸಿಗುವುದಿಲ್ಲ. ಬಿಸಿಲಿಗೆ ಕಾದ ಬಂಡೆಯೂ ಮೈಯೂ ಒಂದೇ ಬಿಸಿ ಇದ್ದರೆ ಪರದೆಯ ಮೇಲೆ ಎರಡೂ ಒಂದೇ. ಅದಕ್ಕೇ ರಾತ್ರಿ ಮತ್ತು ನಸುಕಿನ ಹೊತ್ತು ಹುಡುಕಾಟಕ್ಕೆ ಒಳ್ಳೆಯದು. ಮೈಗೆ ಕೆಸರು ಮೆತ್ತಿದ್ದರೆ ಕ್ಯಾಮೆರಾಕ್ಕೆ ಕಾಣುವುದು ಕೆಸರಿನ ಬಿಸಿ. 640 ಪಿಕ್ಸೆಲ್ ಅಗಲದ ಕ್ಯಾಮೆರಾ 100 ಮೀಟರ್ ಎತ್ತರದಿಂದ 80 ಮೀಟರ್ ಅಗಲದ ನೆಲ ನೋಡುತ್ತಿದ್ದರೆ ಒಂದು ಪಿಕ್ಸೆಲ್ ಅಂದರೆ ಹನ್ನೆರಡೂವರೆ ಸೆಂಟಿಮೀಟರ್. ಮನುಷ್ಯನ ತಲೆ ಒಂದೆರಡು ಚುಕ್ಕೆ, ಅಷ್ಟೇ.

ಅವಶೇಷದ ಅಡಿ ಹುಡುಕುವುದು ನಾಯಿಗಳು, ಸದ್ದು ಹಿಡಿಯುವ ಸೆನ್ಸರ್‌ಗಳು, ರಾಡಾರ್. 2015ರ ನೇಪಾಳ ಭೂಕಂಪದಲ್ಲಿ ನಾಸಾದ 'ಫೈಂಡರ್' ಎದೆಬಡಿತ ಗುರುತಿಸಿ ನಾಲ್ವರನ್ನು ಹುಡುಕಿಕೊಟ್ಟಿತು. ಅದು ನೆಲದ ಮೇಲಿಟ್ಟು ಬಳಸುವ ರಾಡಾರ್. ಕಿವಿಗೊಟ್ಟು ಕೇಳುವ ಹೊತ್ತಿಗೆ ಜೆಸಿಬಿ ನಿಲ್ಲಿಸುತ್ತಾರೆ, ಆಗ ಡ್ರೋನ್ ಕೂಡ ಕೆಳಗಿಳಿಯಬೇಕು. ಅದರ ಗುಂಯ್ ಸದ್ದಿನಲ್ಲಿ ಒಳಗಿನ ನರಳಾಟ ಕೇಳಿಸುವುದಿಲ್ಲ.

ಹಾಗಂತ ಡ್ರೋನ್ ದಂಡವಲ್ಲ. ನೆರೆಯಲ್ಲಿ ಚಾವಣಿ ಹತ್ತಿದವರು, ಮರ ಹಿಡಿದು ಕೂತವರು, ಕತ್ತಲಲ್ಲಿ ಬೆಟ್ಟದ ಬದಿ ಉಳಿದವರು: ಇವರನ್ನು ಅದು ಚೆನ್ನಾಗಿ ಹುಡುಕುತ್ತದೆ. ಯಾವ ದಾರಿ ಕಡಿದಿದೆ ಅಂತಲೂ ಬೇಗ ತೋರಿಸುತ್ತದೆ. 2005ರ ಕತ್ರಿನಾ ಚಂಡಮಾರುತದ ನಂತರವೇ ಸಣ್ಣ ಡ್ರೋನ್‌ಗಳನ್ನು ಈ ಕೆಲಸಕ್ಕೆ ಇಳಿಸಿದ್ದರು.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ: ನಾವೇ ಸಿಕ್ಕಿಕೊಂಡರೆ ಡ್ರೋನಿಗೆ ಕಾಣುವುದು ಹೇಗೆ? ಟಾರ್ಪಾಲಿನ ಅಡಿ ಕೂತಿದ್ದರೆ ಸದ್ದು ಕೇಳಿದ ಕೂಡಲೇ ಹೊರಗೆ ಬನ್ನಿ. ಟಾರ್ಪಾಲು ಮೈಬಿಸಿಯನ್ನು ಮುಚ್ಚಿಬಿಡುತ್ತದೆ. ಮರದ ನೆರಳು ಬಿಟ್ಟು ಬಯಲಿಗೆ ಬನ್ನಿ. ಎರಡೂ ಕೈ ಬೀಸಿ. ಮೇಲಿನಿಂದ ನೋಡುವವರಿಗೆ ಅಲುಗಾಟ ಬೇಗ ಕಣ್ಣಿಗೆ ಬೀಳುತ್ತದೆ. ರಾತ್ರಿಯಾದರೆ ಮೊಬೈಲ್ ಟಾರ್ಚ್ ಹಾಕಿ. ಡ್ರೋನ್ ವಾಪಸ್ ಹೋಯಿತು ಅಂತ ಎದೆಗುಂದಬೇಡಿ. ಸಾಮಾನ್ಯವಾಗಿ ಅರ್ಧ ಗಂಟೆಗೆ ಬ್ಯಾಟರಿ ಮುಗಿಯುತ್ತದೆ. ಬದಲಿಸಿ ಮತ್ತೆ ಹಾರಿಸುತ್ತಾರೆ, ಜಾಗ ಸುರಕ್ಷಿತವಾಗಿದ್ದರೆ ಅಲ್ಲೇ ಇರಿ.