ಕಳ್ಳಿ ಹಾಲು ಕೈಗೆ ತಾಗಿದರೆ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ನಮ್ಮ ಹೊಲದ ಬೇಲಿಗೆ ಕಡ್ಡಿಗಳ್ಳಿ ಹಾಕಿದ್ದೇವೆ. ಸವರುವಾಗ ಹಾಲು ಕೈಮೇಲೆ ಬೀಳುತ್ತೆ. ಅದರಲ್ಲಿ ಕ್ಯಾನ್ಸರ್ ತರುವ ಅಂಶ ಇದೆ ಅಂತಾರೆ. ನಿಜವಾ?

ಉತ್ತರ: ಒಂದೆರಡು ಸಲ ತಾಗಿತು ಅಂತ ಕ್ಯಾನ್ಸರ್ ಭಯ ಬೇಡ. ಆದರೆ ಈ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ.

ಕಡ್ಡಿಗಳ್ಳಿಯ ಹಾಲಿನಲ್ಲಿ ಫೋರ್ಬಾಲ್, ಇಂಜೆನಾಲ್ ಜಾತಿಯ ಎಸ್ಟರ್ ಎಂಬ ರಾಸಾಯನಿಕಗಳಿವೆ. ಚರ್ಮ ಉರಿದು ಕೆಂಪಾಗುವುದು, ಗುಳ್ಳೆ ಏಳುವುದು ಇವುಗಳಿಂದಲೇ. ಇದೇ ಬಳಗದ ಜಾಪಾಳದ ಬೀಜದ ಎಣ್ಣೆಯಲ್ಲೂ ಫೋರ್ಬಾಲ್ ಎಸ್ಟರ್‌ಗಳಿವೆ. 1940ರ ದಶಕದಲ್ಲಿ ಆ ಎಣ್ಣೆಯನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದರು. ಮೊದಲು ಕ್ಯಾನ್ಸರ್ ತರುವ ಬೇರೊಂದು ರಾಸಾಯನಿಕವನ್ನು ಸ್ವಲ್ಪವೇ ಹಚ್ಚಿ, ಆಮೇಲೆ ವಾರಗಟ್ಟಲೆ ಎಣ್ಣೆ ಸವರಿದರೆ ಗೆಡ್ಡೆಗಳು ಎದ್ದವು. ಬರೀ ಎಣ್ಣೆ ಹಚ್ಚಿದಾಗ ಅಷ್ಟಾಗಿ ಏಳಲಿಲ್ಲ. ಹೊಲದಲ್ಲಿ ಕಳೆ ಬೀಜ ಮೊದಲೇ ಬಿದ್ದಿದ್ದರೆ ತಾನೇ ಮಳೆಗೆ ಕಳೆ ಏಳುವುದು? ಈ ಎಸ್ಟರ್‌ಗಳು ಮಳೆ ಇದ್ದ ಹಾಗೆ.

ಒಳಗೆ ನಡೆಯುವುದು 1982ರಲ್ಲಿ ತಿಳಿಯಿತು. ಜೀವಕೋಶದಲ್ಲಿ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವಿದೆ. ಕೋಶ ಬೆಳೆಯಲು ಅದೂ ಸೂಚನೆ ಕೊಡುತ್ತದೆ. ದೇಹ ತಾನೇ ಅದನ್ನು ಚಾಲೂ ಮಾಡಿ, ಬೇಗ ನಿಲ್ಲಿಸುತ್ತದೆ. ಫೋರ್ಬಾಲ್ ಎಸ್ಟರ್ ಹೋಗಿ ಕೂತರೆ ಬೇಗ ಕರಗುವುದಿಲ್ಲ. ನಲ್ಲಿ ತಿರುಗಿಸಿ ಹಾಗೇ ಬಿಟ್ಟುಹೋದಂತೆ.

ಹಾಗಾಗಿ ನನಗೆ ಜಾಸ್ತಿ ಆತಂಕ ಬೇಲಿ ಸವರುವವರ ಬಗ್ಗೆ ಅಲ್ಲ, ನರುಳ್ಳೆಗೆ ಮದ್ದು ಅಂತ ಈ ಹಾಲನ್ನು ಒಂದೇ ಜಾಗಕ್ಕೆ ದಿನವೂ ಹಚ್ಚುವವರ ಬಗ್ಗೆ. ಕಳ್ಳಿ ಬಳಗದ ಇನ್ನೊಂದು ಪುಟ್ಟ ಕಳೆಯ ಹಾಲಿನಿಂದ ತೆಗೆದ ಇಂಜೆನಾಲ್ ಎಸ್ಟರ್‌ಗೆ 2012ರಲ್ಲಿ ಅಮೆರಿಕದಲ್ಲಿ ಚರ್ಮದ ಔಷಧಿಯಾಗಿ ಒಪ್ಪಿಗೆ ಸಿಕ್ಕಿತ್ತು. ಶುದ್ಧ ಮಾಡಿ, ಅಳೆದು, ಎರಡು ಮೂರು ದಿನ ಮಾತ್ರ ಹಚ್ಚುವ ಜೆಲ್ ಅದು. ಚರ್ಮದ ಕ್ಯಾನ್ಸರ್‌ನ ಅನುಮಾನ ಬಂದು 2020ರಲ್ಲಿ ಯುರೋಪಿನಲ್ಲಿ ಅದನ್ನೂ ಹಿಂದಕ್ಕೆ ತೆಗೆದುಕೊಂಡರು. ಗಿಡ ಮುರಿದು ನೇರ ಹಚ್ಚುವುದಕ್ಕೆ ಅಳತೆಯಾದರೂ ಎಲ್ಲಿದೆ?

ಹಲಸಿನ ಅಂಟು, ಮಾವಿನ ಸೊನೆ, ಎಕ್ಕದ ಹಾಲು ಬೇರೆ ಬೇರೆ. ಅವುಗಳ ತೊಂದರೆಗಳೂ ಬೇರೆ.

ಕಡ್ಡಿಗಳ್ಳಿಯಿಂದ ತಕ್ಷಣದ ಅಪಾಯ ಕಣ್ಣಿಗೆ. ಒಂದು ಹನಿ ಸಿಡಿದರೂ ಸಾಕು. ಉರಿ ಗಂಟೆಗಳು ಕಳೆದಂತೆ ಏರುತ್ತದೆ, ದೃಷ್ಟಿ ಮಂಜಾಗಬಹುದು. ಉಜ್ಜಬೇಡಿ. ಎದೆಹಾಲು, ಹರಳೆಣ್ಣೆ ಏನನ್ನೂ ಬಿಡಬೇಡಿ. ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಯಾವ ಗಿಡದ ಹಾಲು ಅಂತ ಹೇಳಿ, ಆಗದಿದ್ದರೆ ಫೋನಿನಲ್ಲಿ ಗಿಡದ ಫೋಟೊ ತೋರಿಸಿ.

ಸವರುವಾಗ ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ ಇರಲಿ. ಮೈಗೆ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ. ಮಚ್ಚನ್ನೂ ತೊಳೆದಿಡಿ, ಅದನ್ನು ಮುಟ್ಟಿದ ಕೈ ಕಣ್ಣಿಗೆ ಹೋಗುತ್ತೆ.