ಬಿದ್ದ ಮಗುವಿನ ತಲೆಯ ಕೆಳಗೆ ದಿಂಬು ಇಡಬೇಡಿ

ಮರದಿಂದಲೋ ತಾರಸಿಯಿಂದಲೋ ಬಿದ್ದ ಮಗುವನ್ನು ಹೆತ್ತವರು ಬಾಚಿ ಎತ್ತಿಕೊಂಡು, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಧಾವಿಸುವುದನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿರುವ ನಾವು ಮತ್ತೆ ಮತ್ತೆ ನೋಡುತ್ತೇವೆ. ಅವರ ಗಾಬರಿ ಸಹಜವಾದದ್ದೇ. ಆದರೆ ಬೆನ್ನುಮೂಳೆಗೆ ಪೆಟ್ಟಾಗಿದ್ದರೆ, ಕತ್ತು ಜೋಲಾಡುತ್ತಾ ಸಾಗುವ ಆ ಪ್ರಯಾಣದಿಂದ ಬೆನ್ನುಹುರಿಗೆ ಇನ್ನಷ್ಟು ಹಾನಿಯಾಗಬಹುದು.

ಎತ್ತರದಿಂದ ಬಿದ್ದ, ವಾಹನ ಡಿಕ್ಕಿ ಹೊಡೆದ, ಬಾವಿಗೋ ಕೆರೆಗೋ ತಲೆ ಮುಂದಾಗಿ ಹಾರಿದ ಮಗುವಿಗೆ ಕತ್ತು ನೋಯುತ್ತಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ ಅಥವಾ ಪ್ರಜ್ಞೆ ಮಂಕಾಗಿದ್ದರೆ, ಬೆನ್ನುಮೂಳೆಗೆ ಪೆಟ್ಟಾಗಿದೆ ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಒಬ್ಬರು ಮಗುವಿನ ತಲೆಯ ಬಳಿ ಮಂಡಿಯೂರಿ, ಎರಡೂ ಅಂಗೈಗಳಿಂದ ತಲೆಯನ್ನು ಇದ್ದ ಸ್ಥಿತಿಯಲ್ಲೇ ಮೆಲ್ಲಗೆ ಹಿಡಿದುಕೊಳ್ಳಬೇಕು. ಎಳೆಯುವುದಾಗಲಿ ನೆಟ್ಟಗೆ ಮಾಡುವುದಾಗಲಿ ಕೂಡದು. ಅತ್ತು ಕೊಸರಾಡುವ ಮಗುವನ್ನು ಬಲವಂತವಾಗಿ ಅದುಮಿ ಹಿಡಿದರೆ ಕತ್ತಿನ ಮೇಲೆ ಒತ್ತಡ ಹೆಚ್ಚುತ್ತದೆ. ಅದಕ್ಕಿಂತ ತಾಯಿ ಅದರ ಕಣ್ಣಿಗೆ ಕಾಣುವಂತೆ ಎದುರಿಗೆ ಕುಳಿತು ಮಾತನಾಡಿಸುವುದು ಎಷ್ಟೋ ಮೇಲು. ಕುಡಿಯಲು ನೀರನ್ನೂ ಕೊಡಬಾರದು.

ಸುಮಾರು ಎಂಟು ವರ್ಷದೊಳಗಿನ ಮಕ್ಕಳಲ್ಲಿ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕತ್ತಿನ ಸ್ನಾಯುಗಳು ಎಳೆಯವು. ಹೀಗಾಗಿ ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಿಸಿದರೆ ಹಿಂದಲೆ ಮೇಲೆದ್ದು ಗಲ್ಲ ಎದೆಯ ಕಡೆಗೆ ಬಾಗುತ್ತದೆ. ತಲೆಗೆ ದಿಂಬಿಟ್ಟರೆ ಅದು ಇನ್ನೂ ಬಾಗಿ, ಉಸಿರಾಟದ ದಾರಿಯೂ ಕಿರಿದಾಗುತ್ತದೆ. ಮಗುವನ್ನು ಹಲಗೆಗೆ ಸಾಗಿಸಲೇಬೇಕಾದಾಗ ಭುಜದಿಂದ ಸೊಂಟದವರೆಗೆ ಸುಮಾರು ಒಂದು ಅಂಗುಲ ದಪ್ಪಕ್ಕೆ ಮಡಿಸಿದ ಟವೆಲ್ ಹಾಸಬೇಕು; ಪಕ್ಕದಿಂದ ನೋಡಿದಾಗ ಕಿವಿಯ ರಂಧ್ರ ಭುಜದ ಮಟ್ಟಕ್ಕೆ ಬಂದರೆ ಕತ್ತು ಸರಿಯಾಗಿದೆ ಎಂದರ್ಥ.

ಇಷ್ಟೆಲ್ಲ ಎಚ್ಚರಿಕೆಯ ನಡುವೆಯೂ ಉಸಿರಾಟವೇ ಮೊದಲು. ಮಗು ವಾಂತಿ ಮಾಡಿಕೊಂಡರೆ ಅಲುಗಾಡಿಸಬಾರದೆಂದು ಕಾಯುತ್ತಾ ಕೂರದೆ, ತಲೆ ಹಿಡಿದವರ ಮಾತಿನಂತೆ ತಲೆ, ಭುಜ, ಸೊಂಟ ಮೂರನ್ನೂ ಒಟ್ಟಿಗೆ, ಒಂದೇ ನೇರದಲ್ಲಿ ಪಕ್ಕಕ್ಕೆ ಹೊರಳಿಸಬೇಕು. ಉಸಿರಾಟವೇ ನಿಂತಿದ್ದರೆ ಕತ್ತಿನ ಚಿಂತೆ ಬಿಟ್ಟು ಸಿಪಿಆರ್ (ಎದೆ ಒತ್ತಿ, ಬಾಯಿಯಿಂದ ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಆರಂಭಿಸಬೇಕು.

ಎಕ್ಸ್-ರೇಯಲ್ಲಿ ಮೂಳೆ ಸರಿಯಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಮಕ್ಕಳ ಬೆನ್ನುಮೂಳೆಗಳನ್ನು ಒಂದಕ್ಕೊಂದು ಜೋಡಿಸುವ ಕಟ್ಟುಗಳು (ಲಿಗಮೆಂಟ್‌ಗಳು) ಹೆಚ್ಚು ಹಿಗ್ಗುವುದರಿಂದ, ಮೂಳೆ ಮುರಿಯದೆಯೂ ಒಳಗಿನ ಬೆನ್ನುಹುರಿ ಗಾಯಗೊಂಡಿರಬಹುದು. ಅದನ್ನು ಪತ್ತೆ ಮಾಡಲು ಎಂಆರ್‌ಐ ಬೇಕಾಗುತ್ತದೆ. ಕೆಲವರಲ್ಲಿ ಕೈಕಾಲಿನ ಬಲಹೀನತೆ ಗಂಟೆಗಳ ನಂತರ, ಅಪರೂಪಕ್ಕೆ ದಿನಗಳ ನಂತರ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಬಿದ್ದ ಕೂಡಲೇ ಕೈ ಜುಮ್ಮೆಂದು ಆಮೇಲೆ ಸರಿಹೋಗಿದ್ದರೂ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ.