ಠ_ಠ: ಗುರಾಯಿಸುವ ಅಕ್ಷರ

ಯಾರೋ ‘ಅಮೀನಗಡದ ಕರದಂಟಿಗೆ ಬೆಲ್ಲ ಯಾಕ್ ಹಾಕ್ತೀರಿ?’ ಅಂತ ಬರೆದರು ಅನ್ನಿ. ಅದಕ್ಕೆ ಕೊಡುವ ಉತ್ತರ ಇದು: ಠ_ಠ. ವಿಜಯಪುರದ ಕನ್ನಡ ಶಾಲೆಯ ಹುಡುಗ ಇದನ್ನು ‘ಠ, ಗೆರೆ, ಠ’ ಎಂದು ಓದುತ್ತಾನೆ. ಕನ್ನಡ ಬಾರದ ಜಗತ್ತಿಗೆ ಇಲ್ಲಿ ಕಾಣುವುದು ರೆಪ್ಪೆ ಮಿಟುಕಿಸದ ಒಂದು ಮುಖ. ನಮ್ಮ ಕಡೆ ಇದಕ್ಕೆ ಒಪ್ಪುವ ಮಾತು ‘ಗುರಾಯಿಸು’. ಬೈಗುಳ ಇನ್ನೂ ಬಾಯಿಗೆ ಬಂದಿಲ್ಲ, ಕಣ್ಣಿಗೆ ಬಂದಿದೆ. ಹಿರಿಯರಿಗೆ ಕಳಿಸುವಂಥದ್ದಲ್ಲ.

ಠ ದ ವರ್ತುಲ ಕಣ್ಣು, ನಡುವಿನ ಚುಕ್ಕೆ ಪಾಪೆ, ತಲೆಕಟ್ಟು ಹುಬ್ಬು. ಸಿಟ್ಟೆಲ್ಲ ಇರುವುದು ತಲೆಕಟ್ಟಿನಲ್ಲೇ. ತೆಲುಗಿನ ಠ ಕೂಡ ದುಂಡಗೆ, ಚುಕ್ಕೆಯೊಡನೆ ಇದೆ. ಆದರೆ ಅದರ ತಲೆಕಟ್ಟು ಟಿಕ್ ಗುರುತಿನಂತೆ ಮೇಲೆದ್ದಿರುವುದರಿಂದ ಹುಬ್ಬು ಬಿಗಿಯುವುದಿಲ್ಲ. ಇನ್ನೂ ಸೊಗಸಿನ ಸಂಗತಿ: ಕನ್ನಡ ಲಿಪಿಯ ಮೂಲವಾದ, ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಠ ಬರೀ ಸೊನ್ನೆ, ಚುಕ್ಕೆ ಇದ್ದದ್ದು ಥ ಕ್ಕೆ. ಅಂದರೆ ಆಗಿನ ಠ ಗೆ ಪಾಪೆಯೇ ಇರಲಿಲ್ಲ! ಇವತ್ತಿನ ಥ ದ ಬುಡದಲ್ಲಿ ಸೀಳು ಇರುವುದರಿಂದ ಥ_ಥ ಅಂದರೆ ಕಣ್ಣೀರು.

ಅಚ್ಚಗನ್ನಡ ಪದಗಳಲ್ಲಿ ಠ ತೀರಾ ಅಪರೂಪ. ಮಠ, ಪಾಠ, ಹಠ ಸಂಸ್ಕೃತದವು. ಬೆಳಗಾವಿ ಕಡೆ ದಿನವೂ ಕೇಳುವ ಠರಾವು ಮರಾಠಿಯಲ್ಲೂ ಅದೇ ಪದ. ಮಾತಿನಲ್ಲಿ ‘ಮಟ’, ‘ಪಾಟ’ ಎಂದು ಸವೆದ ಅಕ್ಷರ ಪರದೆಯ ಮೇಲೆ ಇಷ್ಟು ದೂರ ನಡೆದದ್ದು ನಿಜಕ್ಕೂ ಹೆಮ್ಮೆ.

‘ನುಡಿ’ ತಂತ್ರಾಂಶದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ಕ್ಯೂ ಒತ್ತಿದರೆ ಠ. ಎಂಎಸ್ ವರ್ಡ್‌ನಲ್ಲಾದರೆ ಯೂನಿಕೋಡ್ ಸಂಖ್ಯೆ 0ಸಿಎ0 ಅನ್ನು ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಬೇಕು. ‘ಬರಹ’ ತಂತ್ರಾಂಶದಂಥ ಧ್ವನಿಯಾಧಾರಿತ ವಿಧಾನದಲ್ಲಿ ಕೊನೆಯ ಇಂಗ್ಲಿಷ್ ‘ಎ’ (a) ಮರೆತರೆ ಠ್ ಆಗಿ ಕಣ್ಣಿಗೆ ಬಾಲ ಬರುತ್ತದೆ. ಡಿಟಿಪಿ ಕೆಲಸದ ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಹೊಡೆದು ವಾಟ್ಸಾಪಿಗೆ ಅಂಟಿಸಿದರೆ ಮುಖ ಹೋಗಿ ರೋಮನ್ ಅಕ್ಷರಗಳ ಗೊಂದಲ ಉಳಿಯುತ್ತದೆ. ಅಲ್ಲಿರುವುದು ಇಂಗ್ಲಿಷ್ ಸಂಕೇತ, ಕನ್ನಡದ ರೂಪ ಕೊಡುತ್ತಿದ್ದದ್ದು ಆ ಫಾಂಟ್ ಮಾತ್ರ. ನೋಡುವವರ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಎರಡು ಖಾಲಿ ಡಬ್ಬಿ.

ಬಾಯಿಗೆ ಅಂಡರ್‌ಸ್ಕೋರ್ ಬೇಕು. ಹೈಫನ್ ಹಾಕಿದರೆ ಗೆರೆ ಮೇಲೇರಿ ಮೂಗಿನ ಜಾಗಕ್ಕೆ ಬರುತ್ತದೆ. ನಡುವೆ ಸ್ಪೇಸ್ ಬಿಡಬೇಡಿ: ಸಾಲಿನ ತುದಿಗೆ ಬಿದ್ದಾಗ ಒಂದು ಕಣ್ಣು ಮೇಲೆ ಉಳಿದು, ಇನ್ನೊಂದು ಕೆಳಗಿನ ಸಾಲಿಗೆ ಜಾರುತ್ತದೆ.